ಮಿಲಿಟ್ರಿಯಲ್ಲಿದ್ದಾಗಲೇ ಡಿಗ್ರಿ ಮುಗಿಸಿದವರು ನಮ್ಮ ಕಡೆ ಯಾರ್ಯಾರು ಇದ್ದೀರಿ?

ಆಳಂದ ಗನ್ನರ್

ಎಲ್ಲರಿಗೂ ಶರಣು. ನಾನು ಆಳಂದ ತಾಲೂಕಿನವನು. ಆರ್ಟಿಲರಿಯಲ್ಲಿ 17 ವರ್ಷ ಇದ್ದು 2014ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಈಗ ಕಲಬುರಗಿಯಲ್ಲಿ ಒಂದು ಬ್ಯಾಂಕಿನಲ್ಲಿ ಕ್ಲರ್ಕ್.

ಹೋದ ವಾರ ಒಂದು ಮದುವೆಯಲ್ಲಿ ನಮ್ಮೂರ ಹುಡುಗ ಸಿಕ್ಕ. ಅಗ್ನಿವೀರ್ ಆಗಿ ಎರಡು ವರ್ಷ ಆಗಿದೆ. ಓದಿನ ವಿಷಯ ಕೇಳಿದೆ. "ಕಾಕಾ, ಡಿಗ್ರಿಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು, ಹೊರಗೆ ಬರುವಾಗ ಅವರೇ ಗ್ರಾಜುಯೇಷನ್ ಸರ್ಟಿಫಿಕೇಟ್ ಕೊಡುತ್ತಾರಂತಲ್ಲ" ಎಂದ. ನನಗೆ ಊಟ ಇಳಿಯಲಿಲ್ಲ. ಆ ಸರ್ಟಿಫಿಕೇಟ್ ಸಿಗುವುದು ಮೆಟ್ರಿಕ್ ಪಾಸಾಗಿ 15 ವರ್ಷ ಸರ್ವಿಸ್ ಮಾಡಿದವರಿಗೆ. ಇವನ ಸರ್ವಿಸ್ 4 ವರ್ಷ. ಯಾರೂ ಅವನಿಗೆ ಇದನ್ನು ಹೇಳಿಲ್ಲ.

ಅದಕ್ಕೇ ಈ ಮಾತು ಎತ್ತಿದ್ದೇನೆ. ಸರ್ವಿಸ್‌ನಲ್ಲಿದ್ದಾಗ ನಿಜವಾದ ಡಿಗ್ರಿ ಹೇಗೆ ಮಾಡಿದಿರಿ, ಏನು ಅಡ್ಡ ಬಂತು, ಬರೆಯಿರಿ. ಈಗ ಒಳಗಿರುವ ಹುಡುಗರು ಓದಲಿ.

ಮೊದಲು ನನ್ನದು ಹೇಳುತ್ತೇನೆ. 1997ರಲ್ಲಿ ಪಿಯುಸಿ ಮುಗಿಸಿ ಭರ್ತಿಯಾದೆ. ಟ್ರೇನಿಂಗ್ ಹೈದರಾಬಾದಿನ ಗೋಲ್ಕೊಂಡಾದ ಆರ್ಟಿಲರಿ ಸೆಂಟರ್‌ನಲ್ಲಿ. ನಮ್ಮ ಕಲಬುರಗಿಯ ದಖನಿ ಉರ್ದು ಗೊತ್ತಿದ್ದರಿಂದ ಹಿಂದಿ ಬೇಗ ಬಂತು. ಆದರೆ ಬೇಡ ಅನ್ನಲು "ನಕ್ಕೋ" ಅಂದರೆ ಹರಿಯಾಣದ ಹುಡುಗರಿಗೆ ತಿಳಿಯುತ್ತಿರಲಿಲ್ಲ. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ನಮ್ಮ ರೆಜಿಮೆಂಟ್ ದ್ರಾಸ್‌ನಲ್ಲಿತ್ತು. ಬೋಫೋರ್ಸ್ ತೋಪು. ಹಗಲು ರಾತ್ರಿ ಗುಂಡು ತುಂಬುವುದೇ ಕೆಲಸ. ಆ ದಿನಗಳ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ.

2000ದ ಜನವರಿ 26ಕ್ಕೆ ರಜೆಯಲ್ಲಿ ಊರಿಗೆ ಬಂದಿದ್ದೆ. ಶಾಲೆಯವರು ಕರೆದು ಶಾಲು ಹೊದಿಸಿದರು. ಮಕ್ಕಳಿಗೆ ಪ್ರಶ್ನೆ ಕೇಳಲು ಹೇಳಿದರು. ಏಳನೇ ಕ್ಲಾಸಿನ ಒಂದು ಹುಡುಗಿ ಎದ್ದು ಕೇಳಿದಳು: "ಅಣ್ಣಾ, ಆ ಗುಡ್ಡ ನಮ್ಮದೇ ಆಗಿದ್ದರೆ ಅವರು ಅಲ್ಲಿ ಹೆಂಗ ಬಂದು ಕೂತರು?" ನನಗೆ ಉತ್ತರ ಬರಲಿಲ್ಲ. ತೋಪಿಗೆ ಯಾವ ಚಾರ್ಜ್ ಹಾಕಬೇಕು, ಯಾವ ಫ್ಯೂಜ್ ಹಾಕಬೇಕು, ಅದೆಲ್ಲ ಗೊತ್ತಿತ್ತು. ಎರಡು ತಿಂಗಳು ನಾನು ಯಾವುದಕ್ಕಾಗಿ ತೋಪು ಹೊಡೆದೆ, ಅದರ ಹಿಂದಿನ ಕಥೆ ಏನು, ಅದು ಗೊತ್ತಿರಲಿಲ್ಲ. ರಾತ್ರಿಯೆಲ್ಲ ಅದೇ ಪ್ರಶ್ನೆ.

ವಾಪಸ್ ಹೋದ ಮೇಲೆ ಎಜುಕೇಷನ್ ಹವಾಲ್ದಾರ್ ಸಾಬ್ ಹತ್ತಿರ ಹೋದೆ. ಅವರೇ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಫಾರ್ಮ್ ತರಿಸಿಕೊಟ್ಟರು. 2001ರಲ್ಲಿ ಬಿ.ಎ.ಗೆ ಸೇರಿದೆ. ಆಗಿನ ಬಿ.ಎ. 96 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಮೂರು ವರ್ಷದಲ್ಲಿ ಮುಗಿಸಬಹುದು, ಆರು ವರ್ಷದ ತನಕ ಟೈಮ್ ಇರುತ್ತದೆ. ಆ ಆರು ವರ್ಷ ಅನ್ನುವುದೇ ನಮ್ಮಂಥವರನ್ನು ಉಳಿಸಿದ್ದು.

2001ರ ಡಿಸೆಂಬರ್ 13ಕ್ಕೆ ಪಾರ್ಲಿಮೆಂಟ್ ಮೇಲೆ ದಾಳಿ ಆಯಿತು. ಸೇನೆಯನ್ನು ಗಡಿಗೆ ಕಳಿಸುವ ಆಪರೇಷನ್ ಪರಾಕ್ರಮ್ ಶುರು. ರಜೆ ಎಲ್ಲ ರದ್ದು. ರಾಜಸ್ಥಾನದ ಮರಳಿನಲ್ಲಿ ಸುಮಾರು ಹತ್ತು ತಿಂಗಳು. ಜೂನ್ ಪರೀಕ್ಷೆ ಹೋಯಿತು. ಪುಸ್ತಕಗಳನ್ನು ಖಾಲಿ ಅಮ್ಯುನಿಷನ್ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ತೆರೆದಾಗಲೆಲ್ಲ ಹಾಳೆ ನಡುವೆ ಮರಳು. ಈಗಲೂ ಮನೆಯಲ್ಲಿರುವ ಬಿ.ಎ. ಪಠ್ಯ, ಎಫ್‌ಎಚ್‌ಎಸ್-1 ಪುಸ್ತಕ ಕೊಡವಿದರೆ ಒಂದಿಷ್ಟು ಉದುರುತ್ತದೆ.

ಕೊನೆಯ ಪೇಪರ್ ಬರೆದದ್ದು 2005ರ ಡಿಸೆಂಬರ್‌ನಲ್ಲಿ, ಜಲಂಧರ್‌ನಲ್ಲಿ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಆ ಓದಿನಲ್ಲೇ. 1972ರ ಸಿಮ್ಲಾ ಒಪ್ಪಂದ, ನಿಯಂತ್ರಣ ರೇಖೆ ಅಂದರೆ ಏನು, ಚಳಿಗಾಲದಲ್ಲಿ ಎರಡೂ ಕಡೆಯವರು ಎತ್ತರದ ಪೋಸ್ಟ್‌ಗಳನ್ನು ಬಿಟ್ಟು ಕೆಳಗೆ ಇಳಿಯುವ ರೂಢಿ ಹೇಗಿತ್ತು, ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ನಾನು ನಿಂತಿದ್ದ ಜಾಗವೇ ನನಗೆ ಆಗ ಅರ್ಥವಾಯಿತು.

ಬೀದರ್ ಏರ್‌ಫೋರ್ಸ್

ಜೈ ಹಿಂದ್ ಆಳಂದ ಸಾಬ್. ನಾನು ಏರ್‌ಮನ್ ಆಗಿ 20 ವರ್ಷ ಮಾಡಿದವನು. ಬೀದರ್ ಕೋಟೆ ಹಿಂದಿನ ಓಣಿಯಲ್ಲಿ ಬೆಳೆದೆ. ಮನೆ ಮಾಳಿಗೆ ಮೇಲೆ ನಿಂತು ಟ್ರೇನಿಂಗ್ ವಿಮಾನಗಳನ್ನು ನೋಡುತ್ತಾ ನೋಡುತ್ತಾ ಭರ್ತಿಗೆ ಹೋದೆ. ಬೆಳಗಾವಿಯ ಸಾಂಬ್ರಾದಲ್ಲಿ ಟ್ರೇನಿಂಗ್.

ನಮ್ಮಲ್ಲಿ ಓದುವುದು ಸ್ವಲ್ಪ ಸುಲಭ. ಒಂದು ಸ್ಟೇಷನ್‌ನಲ್ಲಿ ಮೂರು ನಾಲ್ಕು ವರ್ಷ ಇರುತ್ತೇವೆ. ಬಿಲ್ಲೆಟ್‌ನಲ್ಲಿ ಹತ್ತು ಜನ ಇದ್ದರೆ ಆರು ಜನ ಏನಾದರೂ ಓದುತ್ತಿರುತ್ತಾರೆ. ಒಬ್ಬ ಬಿ.ಕಾಂ., ಒಬ್ಬ ಬಿ.ಸಿ.ಎ. ನೋಡಿ ನೋಡಿ ನಮಗೂ ಹುರುಪು ಬರುತ್ತದೆ. ನಾನು ಬಿ.ಕಾಂ. ಮಾಡಿದ್ದು ಜೋಧ್‌ಪುರದಲ್ಲಿ. ರಾತ್ರಿ ಶಿಫ್ಟ್ ಮುಗಿಸಿ ಬೆಳಗ್ಗೆ ಆರಕ್ಕೆ ಚಹಾ ಕುಡಿದು ಎರಡು ತಾಸು ಅಕೌಂಟ್ಸ್ ಲೆಕ್ಕ. ಆಮೇಲೆ ಮಲಗುವುದು.

ಒಳಗಿರುವ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಓದಲು ಶುರು ಮಾಡುವ ಮೊದಲೇ ಲಿಖಿತ ಅನುಮತಿ ತೆಗೆದುಕೊಳ್ಳಿ. ಬಾಯಿ ಮಾತಿನ "ಹೂಂ, ಮಾಡು" ಸಾಲದು. ಪಾಸಾದ ಮೇಲೆ ಅದನ್ನು ಸರ್ವಿಸ್ ದಾಖಲೆಗೆ ಏರಿಸಬೇಕು. ಆರ್ಮಿಯಲ್ಲಿ ಪಾರ್ಟ್ ಟು ಆರ್ಡರ್ ಅನ್ನುತ್ತಾರೆ, ನಮ್ಮಲ್ಲಿ ಪಿಒಆರ್. ನನ್ನ ಗೆಳೆಯ ಒಬ್ಬ ಇದನ್ನು ಮಾಡಿಸಲಿಲ್ಲ. ಡಿಗ್ರಿ ಕೈಯಲ್ಲಿದೆ, ಡಿಸ್ಚಾರ್ಜ್ ಬುಕ್‌ನಲ್ಲಿ ಮಾತ್ರ "ಪಿಯುಸಿ" ಅಂತ ಇದೆ. ಕೆಲಸದ ವೆರಿಫಿಕೇಷನ್‌ನಲ್ಲಿ ಎರಡೂ ಯಾಕೆ ಬೇರೆ ಬೇರೆ ಅಂತ ಕೇಳಿದರು. ರೆಕಾರ್ಡ್ ಆಫೀಸಿಗೆ ಬರೆದು ಸರಿ ಮಾಡಿಸಲು ಎಂಟು ತಿಂಗಳು ಓಡಾಡಿದ.

ಹುಮನಾಬಾದ್ ಲಂಗರ್

ಇಬ್ಬರದೂ ಓದಿದೆ. ಸಂತೋಷ. ಆದರೆ ನಾನು ಬೇರೆ ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

ನಾನು ಕುಕ್ ಆಗಿದ್ದವನು. ಇನ್‌ಫೆಂಟ್ರಿ ಪಲ್ಟನ್. ಬೆಳಗ್ಗೆ ಮೂರೂವರೆಗೆ ಏಳಬೇಕು. ನೂರಿಪ್ಪತ್ತು ಜನರಿಗೆ ಚಹಾ, ಪೂರಿ. ಮಧ್ಯಾಹ್ನದ ಊಟ, ಸಂಜೆ ಚಹಾ, ರಾತ್ರಿ ರೊಟ್ಟಿ. ರಾತ್ರಿ ಹತ್ತಕ್ಕೆ ಪಾತ್ರೆ ಎಲ್ಲ ಲೆಕ್ಕ ಒಪ್ಪಿಸಿದ ಮೇಲೆ ಕಾಲು ಚಾಚುವುದು. ಕ್ಲರ್ಕ್‌ಗಳಿಗೆ ಟೇಬಲ್ ಇತ್ತು, ಲೈಟ್ ಇತ್ತು. ಏರ್‌ಫೋರ್ಸಿನವರಿಗೆ ಶಿಫ್ಟ್ ಇತ್ತು. ನಮಗೆ ಏನಿತ್ತು?

ನಾನು ಒಮ್ಮೆ ಕೇಳಿದ್ದೆ. ಆಗಿನ ಕಂಪನಿ ಕಮಾಂಡರ್ "ನೀನು ಓದಿ ಏನು ಮಾಡುತ್ತೀಯ, ರೊಟ್ಟಿ ಸುಡುವವರು ಯಾರು" ಅಂದರು. ನಗುತ್ತಲೇ ಅಂದರು. ನನಗೆ ಮಾತ್ರ ಮತ್ತೆ ಕೇಳುವ ಮನಸ್ಸು ಆಗಲಿಲ್ಲ. 2016ರಲ್ಲಿ ಹತ್ತನೇ ಪಾಸ್ ಅಂತಲೇ ಹೊರಗೆ ಬಂದೆ. ಈಗ ಹುಮನಾಬಾದ್ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೇ ಖಾನಾವಳಿ ಇದೆ. ಇಬ್ಬರು ಮಕ್ಕಳನ್ನು ಓದಿಸುತ್ತಿದ್ದೇನೆ. ಡಿಗ್ರಿ ಇಲ್ಲದವರು ಸೋಮಾರಿಗಳು ಅನ್ನುವ ಹಾಗೆ ಈ ಮಾತು ಹೋಗಬಾರದು.

ಆಳಂದ ಗನ್ನರ್

ಅಣ್ಣಾರೆ, ನೂರಕ್ಕೆ ನೂರು ನಿಜ. ನಾನು ಓದಿದ ಪ್ರತಿ ರಾತ್ರಿಯೂ ನನ್ನ ಹೊಟ್ಟೆಯಲ್ಲಿ ನಿಮ್ಮಂಥ ಒಬ್ಬರು ಸುಟ್ಟ ರೊಟ್ಟಿ ಇತ್ತು. ನನ್ನ ಸಂತ್ರಿ ಡ್ಯೂಟಿಯನ್ನು ಪರೀಕ್ಷೆ ವಾರದಲ್ಲಿ ಬೇರೆಯವರು ಮಾಡಿದರು. ಆ ಡಿಗ್ರಿ ನನ್ನೊಬ್ಬನದಲ್ಲ, ಅದನ್ನು ಮೊದಲೇ ಹೇಳಬೇಕಿತ್ತು. ಅನುಮತಿ ಕೊಡುವವರ ಮನಸ್ಸಿನ ಮೇಲೆ ಒಬ್ಬನ ಓದು ನಿಲ್ಲಬಾರದು, ಆದರೆ ನಮ್ಮ ಕಾಲದಲ್ಲಿ ಎಷ್ಟೋ ಕಡೆ ಹಾಗೇ ಇತ್ತು.

ಭಾಲ್ಕಿ ಅಜ್ಜ

ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ನನ್ನ ತಂದೆ ನಿಜಾಮನ ಕಾಲದಲ್ಲಿ ಓದಿದವರು. ಉರ್ದು ಮಾಧ್ಯಮ. ಮನೆಯಲ್ಲಿ ಕನ್ನಡ ಮಾತಾಡಿ ಉರ್ದುವಿನಲ್ಲಿ ಸಹಿ ಹಾಕುತ್ತಿದ್ದರು. ನಾನು ಕನ್ನಡ ಶಾಲೆಯಲ್ಲಿ ಓದಿದೆ. 1969ರಲ್ಲಿ ಎಎಸ್‌ಸಿಯಲ್ಲಿ, ಅಂದರೆ ಸೇನೆಗೆ ಸಾಮಾನು ಸಾಗಿಸುವ ವಿಭಾಗದಲ್ಲಿ, ಡ್ರೈವರ್ ಆಗಿ ಸೇರಿದೆ. ಅಲ್ಲಿ ಪಾಠ ಎಲ್ಲ ಹಿಂದಿ, ಅದೂ ರೋಮನ್ ಅಕ್ಷರದಲ್ಲಿ. ಹೀಗೆ ಒಂದೇ ಮನೆಯಲ್ಲಿ ಎಷ್ಟು ಲಿಪಿ ನೋಡಿ.

1984ರಲ್ಲಿ ಬೆಂಗಳೂರಿಗೆ ಪೋಸ್ಟಿಂಗ್ ಬಂತು. ಆಗ ಮುಕ್ತ ವಿಶ್ವವಿದ್ಯಾಲಯ ಅನ್ನುವ ಹೆಸರೇ ನಮಗೆ ಗೊತ್ತಿರಲಿಲ್ಲ. ಇಗ್ನೋ ಬಂದದ್ದೇ 1985ರಲ್ಲಿ. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಕೋರ್ಸ್ ಇತ್ತು. ಅದು 1969ರಿಂದಲೇ ನಡೆಯುತ್ತಿತ್ತು, ನಾನು ಭರ್ತಿಯಾದ ವರ್ಷವೇ. ಮುಂದೆ 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ಕನ್ನಡದಲ್ಲೇ ಬಿ.ಎ. ಮಾಡಬಹುದು ಅಂತ ಗೊತ್ತಾದಾಗ ನನಗೆ ಕಣ್ಣು ತುಂಬಿ ಬಂತು. ಹದಿನೈದು ವರ್ಷ ಆಗಿತ್ತು ಕನ್ನಡದಲ್ಲಿ ಕಾಗದ ಬಿಟ್ಟು ಬೇರೇನೂ ಬರೆಯದೆ.

ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಕಂದು ಬಣ್ಣದ ಕವರು. ನಾನು ಒಂದು ಟನ್ ಗಾಡಿಯ ಡ್ರೈವರ್. ಸ್ಟೋರ್ ಮುಂದೆ ಲೋಡಿಂಗ್ ಆಗುವ ತನಕ ಸ್ಟಿಯರಿಂಗ್ ಮೇಲೆ ಪಾಠ ಇಟ್ಟು ಓದುತ್ತಿದ್ದೆ. ಪಂಪನ ಒಂದು ಪದ್ಯ ಅರ್ಥ ಆಗದೆ ಮೂರು ದಿನ ಅದನ್ನೇ ಗುನುಗುತ್ತಾ ಗಾಡಿ ಓಡಿಸಿದ್ದೇನೆ. ಪಾಸಾದಾಗ ನನಗೆ 38 ವರ್ಷ. ನಾಯಬ್ ಸುಬೇದಾರ್ ಆಗಿ 1993ರಲ್ಲಿ ಊರಿಗೆ ಬಂದೆ. ಆ ಡಿಗ್ರಿಯಿಂದ ನನಗೆ ಯಾವ ನೌಕರಿಯೂ ಸಿಗಲಿಲ್ಲ, ನಾನು ಹುಡುಕಲೂ ಇಲ್ಲ. ಹೊಲ ಮಾಡಿಕೊಂಡೆ. ಪ್ರತಿ ದಿನ ಮಧ್ಯಾಹ್ನ ಪುಸ್ತಕ ಹಿಡಿದು ಕೂರುವ ರೂಢಿ ಮಾತ್ರ ಈಗಲೂ ಇದೆ.

ಸುರಪುರದಾಕೆ

ಅಜ್ಜಾವ್ರೆ, ನಿಮ್ಮದು ಓದಿ ಬರೆಯುವ ಧೈರ್ಯ ಬಂತು. ಇಲ್ಲಿ ಎಲ್ಲ ಫೌಜಿಗಳೇ ಬರೆಯುತ್ತಿದ್ದೀರಿ. ನಾನು ಫೌಜಿಯ ಹೆಂಡತಿ.

ನಮ್ಮ ಯಜಮಾನರು ಎಂಇಜಿ, ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್. 2003ರಲ್ಲಿ ಮುಕ್ತ ವಿಶ್ವವಿದ್ಯಾಲಯಕ್ಕೆ ಕನ್ನಡ ಮಾಧ್ಯಮದಲ್ಲಿ ಹೆಸರು ಹಚ್ಚಿಸಿದರು. ಆಗ ಕಾಶ್ಮೀರದ ಕುಪ್ವಾರ ಕಡೆ ಇದ್ದರು. ಯೂನಿಟ್ ಯಾವಾಗ ಎಲ್ಲಿ ಹೋಗುತ್ತದೋ ಗೊತ್ತಿಲ್ಲ, ಪುಸ್ತಕ ಎಲ್ಲಾದರೂ ತಪ್ಪಿ ಹೋದೀತು ಅಂತ ಸುರಪುರದ ಮನೆ ವಿಳಾಸ ಕೊಟ್ಟಿದ್ದರು. ಒಂದು ದೊಡ್ಡ ಕಟ್ಟು ಬಂತು. ಅಷ್ಟು ಪುಸ್ತಕ ಅವರು ಹೊತ್ತು ಓಡಾಡಲು ಆಗುವುದಿಲ್ಲ. ಏನು ಮಾಡೋದು? ನಾನು ಪಿಯುಸಿ ಓದಿದ್ದೆ. ಮಗಳು ಮಲಗಿದ ಮೇಲೆ ಒಂದು ಪಾಠ ಓದಿ, ಅದರ ಸಾರ ಬರೆದು ಇನ್‌ಲ್ಯಾಂಡ್‌ನಲ್ಲಿ ಹಾಕುತ್ತಿದ್ದೆ. ಮೇಲೆ ವಿಳಾಸ 56 ಎಪಿಒ, ಸೇನೆಯ ಅಂಚೆ ಕಚೇರಿ. ವಾರಕ್ಕೆ ಎರಡು. ಇನ್‌ಲ್ಯಾಂಡ್‌ನಲ್ಲಿ ಜಾಗ ಕಡಿಮೆ ಅಲ್ವಾ, ಅದಕ್ಕೆ ಅಕ್ಷರ ಸಣ್ಣ ಮಾಡಿ ಮಾಡಿ ಬರೆದೆ. ಕೊನೆಗೆ ಅಂಚಿನಲ್ಲಿ ಮನೆ ಸುದ್ದಿ ಒಂದು ಸಾಲು. "ಮಗಳಿಗೆ ಹಲ್ಲು ಬಂದಿದೆ." "ತೊಗರಿ ಚೆನ್ನಾಗಿದೆ." ಅಷ್ಟೇ.

ಅಲ್ಲಿ ಚಳಿಗೆ ಪೆನ್ನು ಬರೆಯುತ್ತಿರಲಿಲ್ಲವಂತೆ. ಬುಖಾರಿ (ಕೋಣೆ ಬಿಸಿ ಮಾಡುವ ಒಲೆ) ಹತ್ತಿರ ಹಿಡಿದು ಬಿಸಿ ಮಾಡಿಕೊಂಡು ಎರಡು ಸಾಲು ಬರೆದು ಮತ್ತೆ ಬಿಸಿ ಮಾಡುವುದು. ಹಾಗೆ ಬರೆದ ಅವರ ಟಿಪ್ಪಣಿ ವಾಪಸ್ ನನಗೆ ಬರುತ್ತಿತ್ತು. ತಪ್ಪಿದ್ದರೆ ತಿದ್ದಿ ಕಳಿಸುತ್ತಿದ್ದೆ.

ಪರೀಕ್ಷೆ ಬರೆಯಲು ಇಲ್ಲಿಗೇ ಬರಬೇಕಿತ್ತು. ವರ್ಷಕ್ಕೆ 60 ದಿನ ಆ್ಯನುವಲ್ ಲೀವ್, 30 ದಿನ ಕ್ಯಾಶುವಲ್. ಆ 30 ದಿನ ಪೂರ್ತಿ ಪರೀಕ್ಷೆಗೆ ಹೋಗುತ್ತಿತ್ತು. ಮೂರು ವರ್ಷ ಅವರು ಯಾವ ಮದುವೆಗೂ ಜಾತ್ರೆಗೂ ಬರಲಿಲ್ಲ. ಮಂದಿ ನನ್ನನ್ನು ಕೇಳುತ್ತಿದ್ದರು. ಅತ್ತೆಯವರು ಮಾತ್ರ "ಓದಲಿ ಬಿಡು, ಗುಂಡು ಹಿಡಿಯುವ ಕೈಯಲ್ಲಿ ಪುಸ್ತಕ ಇದ್ದರೆ ನನಗೆ ನಿದ್ದೆ ಬರುತ್ತದೆ" ಅನ್ನುತ್ತಿದ್ದರು.

ಎರಡನೇ ವರ್ಷ ಅವರೇ ಒಂದು ಮಾತು ಹೇಳಿದರು. "ಪಾಠ ನೀನು ಓದುತ್ತೀ, ಪರೀಕ್ಷೆ ನಾನು ಬರೆಯುತ್ತೇನೆ. ಇದು ನ್ಯಾಯ ಅಲ್ಲ. ನೀನೂ ಸೇರು." ಸೇರಿದೆ. ಅವರದು ಮುಗಿದ ಮರುವರ್ಷ ನನ್ನದೂ ಮುಗಿಯಿತು. ಆಮೇಲೆ ಬಿ.ಇಡಿ. ಮಾಡಿದೆ. ಈಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆ ಇನ್‌ಲ್ಯಾಂಡ್‌ಗಳು 140ಕ್ಕೂ ಜಾಸ್ತಿ ಇವೆ. ಅವರು ಒಂದನ್ನೂ ಬಿಸಾಡದೆ ಕಪ್ಪು ಟ್ರಂಕಿನಲ್ಲಿ ತಂದರು.

ಹುಮನಾಬಾದ್ ಲಂಗರ್

ಅಕ್ಕಾರೆ, ನಿಮ್ಮದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಖಾನಾವಳಿಯಲ್ಲಿ ಇಬ್ಬರೂ ಸುಮ್ನೆ ಕೂತುಬಿಟ್ಟೆವು.

ಶಹಾಪುರ ಅಗ್ನಿವೀರ್

ಎಲ್ಲ ಹಿರಿಯರಿಗೂ ಜೈ ಹಿಂದ್. ನಾನು ಸರ್ವಿಸ್‌ನಲ್ಲಿದ್ದೇನೆ, ಅದಕ್ಕೆ ಯೂನಿಟ್ ಏನೂ ಬರೆಯುವುದಿಲ್ಲ. ರಜೆಗೆ ಬಂದಿದ್ದೇನೆ. ಒಂದೂವರೆ ವರ್ಷ ಆಯಿತು. ಪಿಯುಸಿ ಆರ್ಟ್ಸ್ ಪಾಸ್.

ನಿಜ ಹೇಳಬೇಕು ಅಂದರೆ ನನಗೂ ಆ 15 ವರ್ಷದ ವಿಷಯ ಗೊತ್ತಿರಲಿಲ್ಲ. ನಾಲ್ಕು ವರ್ಷದ ಮೇಲೆ ನೂರಕ್ಕೆ 25 ಜನರನ್ನು ಇಟ್ಟುಕೊಳ್ಳುತ್ತಾರೆ ಅಂತ ಎಲ್ಲರಿಗೂ ಗೊತ್ತು. ನಾನು ಆ 25ರಲ್ಲಿ ಬರಬೇಕು ಅಂತ ದಿನಾ ಓಡುತ್ತೇನೆ, ಫೈರಿಂಗ್ ಪ್ರಾಕ್ಟೀಸ್ ಮಾಡುತ್ತೇನೆ. ಓದು ಶುರು ಮಾಡಿದರೆ ಗಮನ ಒಡೆಯುತ್ತದಾ ಅನ್ನುವ ಭಯ. ಮನೆಯಲ್ಲಿ ಅಪ್ಪ ಹೊರಗೆ ಬರುವಾಗ ಸಿಗುವ ಸೇವಾ ನಿಧಿ ದುಡ್ಡಿನ ಲೆಕ್ಕ ಹಾಕುತ್ತಿದ್ದಾರೆ. ಬೋರ್‌ವೆಲ್ ಹಾಕಿಸಬೇಕು, ತಂಗಿ ಮದುವೆ. ನನಗೆ ಮುಂದೆ ಏನು ಅಂತ ಒಂದೊಂದು ರಾತ್ರಿ ನಿದ್ದೆ ಬರುವುದಿಲ್ಲ. ಅಗ್ನಿವೀರ್‌ಗಳಿಗೆ ಅಂತಲೇ ಇಗ್ನೋ ಡಿಗ್ರಿ ಇದೆ ಅಂತ ಕೇಳಿದ್ದೇನೆ. ಅದು ನಿಜವಾದ ಡಿಗ್ರಿಯಾ? ಯಾರಾದರೂ ಬಿಡಿಸಿ ಹೇಳಿ.

ಬೀದರ್ ಏರ್‌ಫೋರ್ಸ್

ತಮ್ಮಾ, ಅದು ನಿಜವಾದ ಡಿಗ್ರಿನೇ. 2022ರ ಜೂನ್ 14ಕ್ಕೆ ಅಗ್ನಿಪಥ್ ಘೋಷಣೆ ಆಯಿತು. ಮರುದಿನವೇ ಶಿಕ್ಷಣ ಸಚಿವಾಲಯ ಈ ಡಿಗ್ರಿಯ ವಿಷಯ ಹೇಳಿತು. ಮೂರು ವರ್ಷದ ಕೌಶಲ ಆಧಾರಿತ ಬ್ಯಾಚುಲರ್ ಡಿಗ್ರಿ. ಅರ್ಧ ಕ್ರೆಡಿಟ್ ನೀನು ಸರ್ವಿಸ್‌ನಲ್ಲಿ ಮಾಡುವ ಟ್ರೇನಿಂಗ್‌ನಿಂದಲೇ ಬರುತ್ತದೆ. ಉಳಿದ ಅರ್ಧ ನೀನು ಓದಿ ಪಾಸಾಗಬೇಕು. ಅದರಲ್ಲಿ ಭಾಷೆ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಾರ್ವಜನಿಕ ಆಡಳಿತ, ಕಾಮರ್ಸ್, ಟೂರಿಸಂ, ಕೃಷಿ ಎಲ್ಲ ಇವೆ. ಜೊತೆಗೆ ಪರಿಸರ ವಿಷಯ ಮತ್ತು ಇಂಗ್ಲಿಷ್ ಸಂವಹನ. ಒಂದು ವರ್ಷಕ್ಕೆ ನಿಲ್ಲಿಸಿದರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಪೂರ್ತಿ ಮಾಡಿದರೆ ಡಿಗ್ರಿ. ಕೊಡುವುದು ಇಗ್ನೋ, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ನಿಯಮದ ಪ್ರಕಾರ.

ಹತ್ತನೇ ಪಾಸಾಗಿ ಹೋದವರಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಹನ್ನೆರಡನೆಯದು ಮುಗಿಸುವ ದಾರಿ ಇದೆ. ನಿನಗೆ ಅದು ಬೇಡ, ಪಿಯುಸಿ ಆಗಿದೆ.

ಗಮನ ಒಡೆಯುವ ಭಯ ಬಿಡು. ಅರ್ಧ ಭಾರ ನೀನು ಈಗಾಗಲೇ ಹೊರುತ್ತಿದ್ದೀಯ. ಅದನ್ನು ಎಣಿಸಿಕೊಳ್ಳದೆ ಬಿಟ್ಟರೆ ನಷ್ಟ ನಿನ್ನದು. ಸೇರುವಾಗ ಎಬಿಸಿ ಐಡಿ (ಕ್ರೆಡಿಟ್ ಲೆಕ್ಕ ಇಡುವ ನಂಬರ್), ಡಿಇಬಿ ಐಡಿ (ದೂರ ಶಿಕ್ಷಣಕ್ಕೆ ಸೇರುವ ನಂಬರ್) ಎರಡನ್ನೂ ಕೇಳುತ್ತಾರೆ. ರಜೆಯಲ್ಲಿದ್ದಾಗಲೇ ಮಾಡಿಸಿಕೋ. ಆಧಾರ್‌ನಲ್ಲಿ ಮತ್ತು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಸ್ಪೆಲಿಂಗ್ ಒಂದೇ ಇದೆಯಾ ನೋಡು. ನಮ್ಮ ಕಡೆ ಅಪ್ಪನ ಹೆಸರು, ಅಡ್ಡ ಹೆಸರು ಹಿಂದೆ ಮುಂದೆ ಆಗುವುದು ಜಾಸ್ತಿ.

ಚಿಂಚೋಳಿಯವ

15 ವರ್ಷದ ಸರ್ಟಿಫಿಕೇಟ್ ಬಗ್ಗೆ ನನ್ನ ಅನುಭವ ಹೇಳಲೇಬೇಕು. ನಾನು ಅದನ್ನು ನಂಬಿ ಕೆಟ್ಟವನು.

ಆ ಸರ್ಟಿಫಿಕೇಟ್ ಸುಳ್ಳಲ್ಲ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗೆ ಡಿಗ್ರಿ ಕೇಳಿದ್ದರೆ, ಮಾಜಿ ಸೈನಿಕರ ಮೀಸಲು ಜಾಗಕ್ಕೆ ಅದನ್ನು ಒಪ್ಪುತ್ತಾರೆ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೂ ನಡೆಯುತ್ತದೆ. ಸರ್ಕಾರಿ ಬ್ಯಾಂಕುಗಳಲ್ಲಿ ಕ್ಲರ್ಕ್ ಮಟ್ಟದಲ್ಲಿ ಮಾಜಿ ಸೈನಿಕರಿಗೆ ಶೇಕಡ 14.5 ಮೀಸಲು ಇದೆ. ವಯಸ್ಸಿನಲ್ಲಿ ಸರ್ವಿಸ್ ಮಾಡಿದಷ್ಟು ವರ್ಷ ಕಳೆದು ಮೇಲೆ ಮೂರು ವರ್ಷ ಬಿಡುತ್ತಾರೆ. ಇದರಿಂದ ಎಷ್ಟೋ ಮನೆಗಳು ನಿಂತಿವೆ.

ಆದರೆ ನನ್ನ ಆಸೆ ಬೇರೆ ಇತ್ತು. ನನಗೆ ಮೇಷ್ಟ್ರಾಗಬೇಕಿತ್ತು. 2011ರಲ್ಲಿ ಪೆನ್ಷನ್ ಬಂದೆ. ಸರ್ಟಿಫಿಕೇಟ್ ಹಿಡಿದು ಬಿ.ಇಡಿ.ಗೆ ಕೇಳಲು ಹೋದೆ. ಕೌಂಟರ್‌ನಲ್ಲಿದ್ದ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಸರ್, ಮಾರ್ಕ್ಸ್ ಕಾರ್ಡ್ ಎಲ್ಲಿ?" ಅಂದ. ಮಾರ್ಕ್ಸ್ ಕಾರ್ಡ್ ಎಲ್ಲಿಂದ ತರಲಿ? ನಾನು ಯಾವ ವಿಷಯವನ್ನೂ ಓದಿಲ್ಲ. ಬಿ.ಇಡಿ., ಎಂ.ಎ., ದೊಡ್ಡ ಹುದ್ದೆಯ ಪರೀಕ್ಷೆ, ಯಾವುದಕ್ಕೂ ಅದು ನಡೆಯುವುದಿಲ್ಲ. 15 ವರ್ಷ ನಾನು ಕೈಯಲ್ಲಿ ಡಿಗ್ರಿ ಇದೆ ಅಂತಲೇ ತಿಳಿದಿದ್ದೆ.

ಆ ಬೇಸರದಲ್ಲಿ ಇನ್ನೊಂದು ತಪ್ಪು ಮಾಡಿದೆ. ಒಬ್ಬ ಏಜೆಂಟ್ ಸಿಕ್ಕ. ಬೇರೆ ರಾಜ್ಯದ ಯಾವುದೋ ವಿಶ್ವವಿದ್ಯಾಲಯ, ಒಂದೇ ವರ್ಷದಲ್ಲಿ ಮೂರು ವರ್ಷದ ಡಿಗ್ರಿ ಅಂದ. 22,000 ರೂಪಾಯಿ ಕಟ್ಟಿದೆ. ಬಂದ ಕಾಗದ ಯಾವ ಕಚೇರಿಯಲ್ಲೂ ನಡೆಯಲಿಲ್ಲ. ಹುಡುಗರೇ, ದುಡ್ಡು ಕಟ್ಟುವ ಮೊದಲು ಯುಜಿಸಿಯ ದೂರ ಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ ಮತ್ತು ಆ ಕೋರ್ಸ್ ಎರಡೂ ಇವೆಯಾ ನೋಡಿ. ಪಟ್ಟಿಯಲ್ಲಿರುವ ಕಡೆ ದೂರ ಶಿಕ್ಷಣದಲ್ಲಿ ಮಾಡಿದ ಡಿಗ್ರಿಗೂ ಕಾಲೇಜಿಗೆ ಹೋಗಿ ಮಾಡಿದ ಡಿಗ್ರಿಗೂ ಒಂದೇ ಬೆಲೆ ಅಂತ ಯುಜಿಸಿಯೇ ಹೇಳಿದೆ.

ಕೊನೆಗೆ 41ನೇ ವಯಸ್ಸಿನಲ್ಲಿ ಮೊದಲಿನಿಂದ ಬಿ.ಎ. ಮಾಡಿದೆ. ಆಮೇಲೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಇತಿಹಾಸಕ್ಕೆ ಎಂಟ್ರನ್ಸ್ ಬರೆದು ಸೇರಿದೆ. ಕ್ಲಾಸಿನಲ್ಲಿ ಎಲ್ಲ 22 ವರ್ಷದ ಮಕ್ಕಳು. ಮೊದಲ ದಿನ ನನ್ನನ್ನು ಮೇಷ್ಟ್ರು ಅಂದುಕೊಂಡು ಎದ್ದು ನಿಂತರು. ಎರಡನೇ ವಾರದಿಂದ ನೋಟ್ಸ್ ಕೇಳಲು ಬಂದರು. ಆ ಎರಡು ವರ್ಷ ನನ್ನ ಜೀವನದ ಅತಿ ಒಳ್ಳೆಯ ವರ್ಷಗಳು. ಇದನ್ನೇ ಸರ್ವಿಸ್‌ನಲ್ಲಿದ್ದಾಗ ಶುರು ಮಾಡಿದ್ದರೆ ಇವತ್ತು ಶಾಲೆಯಲ್ಲಿ ಇರುತ್ತಿದ್ದೆ. ಈಗ ವಯಸ್ಸು ಮೀರಿದೆ. ಮನೆಯಲ್ಲೇ ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ.

ಸೇಡಂ ಮೇಷ್ಟ್ರು

ನಾನು ಫೌಜಿ ಅಲ್ಲ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿದವನು, ಭಾನುವಾರ ದೂರ ಶಿಕ್ಷಣದವರಿಗೂ ಕ್ಲಾಸ್ ತೆಗೆದುಕೊಂಡಿದ್ದೇನೆ. ಉತ್ತರ ಪತ್ರಿಕೆ ನೋಡಿದರೆ ಸಾಕು, ಬರೆದವನು ಸೈನಿಕ ಅಂತ ನನಗೆ ಗೊತ್ತಾಗುತ್ತಿತ್ತು. ಪ್ಯಾರಾಗಳಿಗೆ 1, 2, ಅದರೊಳಗೆ ಎ, ಬಿ ಅಂತ ನಂಬರ್. ಅಂಚು ಬಿಟ್ಟು ನೇರ ಗೆರೆ. ಒಂದು ಮಾತೂ ಹೆಚ್ಚಿಗೆ ಇಲ್ಲ. ಕೆಲವರಿಗೆ ಇದರಿಂದ ಮಾರ್ಕ್ಸ್ ಕಡಿಮೆ ಆಗುತ್ತಿತ್ತು. ಇತಿಹಾಸದ ಉತ್ತರಕ್ಕೆ ಕಾರಣ ಬೇಕು, ಎರಡು ಕಡೆಯ ವಾದ ಬೇಕು. ಇವರು ರಿಪೋರ್ಟ್ ಬರೆದ ಹಾಗೆ ನಡೆದದ್ದಷ್ಟನ್ನೇ ಬರೆಯುತ್ತಿದ್ದರು. "ಯಾಕೆ ಅನ್ನುವುದನ್ನೂ ಬರೆಯಿರಿ" ಅಂತ ಹೇಳಿದರೆ ಒಬ್ಬ ನಾಯಕ್ ನನಗೆ ಹೇಳಿದ್ದ: "ಸರ್, ಹತ್ತು ವರ್ಷ ಆಯಿತು, ಯಾಕೆ ಅಂತ ನಮ್ಮನ್ನು ಯಾರೂ ಕೇಳಿಲ್ಲ." ಆಮೇಲೆ ಅವನು ಬರೆದ ಅಸೈನ್‌ಮೆಂಟ್ ನಾನು ಬೇರೆ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ.

ಒಂದು ಸಲಹೆ. ಬರೆಯುವ ಕೈಗೆ ರೂಢಿ ತಪ್ಪಿರುತ್ತದೆ. ಮೂರು ತಾಸು ಬಿಡದೆ ಬರೆದರೆ ಬೆರಳು ಹಿಡಿದುಕೊಳ್ಳುತ್ತದೆ. ಪರೀಕ್ಷೆಗೆ ಒಂದು ತಿಂಗಳು ಮೊದಲೇ ದಿನಾ ನಾಲ್ಕು ಪುಟ ಬರೆಯಿರಿ, ಏನಾದರೂ ಬರೆಯಿರಿ.

ಆಳಂದ ಗನ್ನರ್

ಮೇಷ್ಟ್ರೇ, ಆ ನಾಯಕ್ ಹೇಳಿದ್ದು ನನಗೇ ಹೇಳಿದ ಹಾಗಿದೆ.

ಹುಡುಗರಿಗೆ ಮಾಧ್ಯಮದ ಬಗ್ಗೆ ಇನ್ನೊಂದು ಮಾತು. ನಾನು ಬಿ.ಎ. ಬರೆದದ್ದು ಹಿಂದಿಯಲ್ಲಿ. ಇಗ್ನೋದಲ್ಲಿ ಪರೀಕ್ಷೆಯನ್ನು ಯೂನಿಟ್ ಹತ್ತಿರದ ಊರಿನಲ್ಲೇ ಬರೆಯಬಹುದು, ಅದು ದೊಡ್ಡ ಅನುಕೂಲ. ಆದರೆ ಕನ್ನಡದಲ್ಲಿ ಬರೆಯುವ ಸುಖ ಇಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದ ಪುಸ್ತಕ, ಕಲಬುರಗಿಯಲ್ಲೇ ಪ್ರಾದೇಶಿಕ ಕೇಂದ್ರ, ಆದರೆ ಪರೀಕ್ಷೆಗೆ ರಜೆ ಹಾಕಿ ಬರಬೇಕು. ಫೀಲ್ಡ್‌ನಲ್ಲಿ, ಅಂದರೆ ಗಡಿ ಕಡೆ ಇರುವವರು ಇಗ್ನೋ ಹಿಡಿಯಿರಿ. ರಜೆ ಖಚಿತ ಇರುವ ಪೀಸ್ ಸ್ಟೇಷನ್‌ನಲ್ಲಿ ಇರುವವರು ಕನ್ನಡದಲ್ಲಿ ಮಾಡಿ ಅನ್ನುತ್ತೇನೆ. ಅಜ್ಜನವರು ಹೇಳಿದ ಹಾಗೆ ಅದರ ರುಚಿಯೇ ಬೇರೆ.

ಹುಮನಾಬಾದ್ ಲಂಗರ್

ಮೂರು ದಿನ ಆಯಿತು, ಇದನ್ನು ಮತ್ತೆ ಮತ್ತೆ ತೆರೆದು ಓದುತ್ತಿದ್ದೇನೆ. ನನಗೆ ಈಗ 46. ಹತ್ತನೇ ಪಾಸ್. ನೌಕರಿ ಬೇಡ, ಖಾನಾವಳಿ ಸಾಕು. ಮಗಳು ಈ ವರ್ಷ ಹನ್ನೆರಡನೆಯ ಕ್ಲಾಸ್. "ಅಪ್ಪಾ, ಎನ್‌ಐಒಎಸ್‌ನಲ್ಲಿ ನೀನೂ ಕಟ್ಟು, ಐದು ವಿಷಯ ಅಷ್ಟೇ" ಅಂತ ಗಂಟು ಬಿದ್ದಿದ್ದಾಳೆ. ಈ ವಯಸ್ಸಿನಲ್ಲಿ ತೆಗೆದುಕೊಳ್ಳುತ್ತಾರಾ?

ಚಿಂಚೋಳಿಯವ

ಅಣ್ಣಾರೆ, ಮೇಲಿನ ವಯಸ್ಸಿನ ಮಿತಿ ಇಲ್ಲ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಎಲ್ಲ ವಿಷಯ ಒಟ್ಟಿಗೇ ಬರೆಯಬೇಕು ಅಂತಿಲ್ಲ, ಒಂದೊಂದಾಗಿ ಮುಗಿಸಬಹುದು. ಮನೆ ವಿಜ್ಞಾನ ಅಂತ ಒಂದು ವಿಷಯ ಇದೆ, ಆಹಾರದ ಪಾಠ ಇರುತ್ತದೆ. ಅದರಲ್ಲಿ ನಿಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಇತಿಹಾಸ ತೆಗೆದುಕೊಂಡರೆ ಭಾನುವಾರ ನನಗೆ ಫೋನ್ ಮಾಡಿ, ನಾನು ಹೇಳಿಕೊಡುತ್ತೇನೆ.

ಶಹಾಪುರ ಅಗ್ನಿವೀರ್

ಎಬಿಸಿ ಐಡಿ ಆಯಿತು. ಡಿಇಬಿ ಐಡಿಯೂ ಆಯಿತು. ಆಧಾರ್‌ನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು, ನಿನ್ನೆ ಯಾದಗಿರಿಗೆ ಹೋಗಿ ತಿದ್ದಲು ಕೊಟ್ಟು ಬಂದೆ. ಅಪ್ಪನಿಗೆ ಅಕ್ಕಾರ ಇನ್‌ಲ್ಯಾಂಡ್ ಕಥೆ ಓದಿ ಹೇಳಿದೆ. "ಬೋರ್‌ವೆಲ್ ಒಂದು ವರ್ಷ ತಡ ಆದರೂ ನಡೆಯುತ್ತದೆ" ಅಂದರು. ನಾಡಿದ್ದು ಯಾದಗಿರಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್. ಹೋದ ಕೂಡಲೇ ಅನುಮತಿಗೆ ಅರ್ಜಿ ಕೊಡುತ್ತೇನೆ. ಅರ್ಜಿ ಹೇಗೆ ಬರೆಯಬೇಕು ಸಾಬ್?

ಆಳಂದ ಗನ್ನರ್

ಒಂದೇ ಪುಟ ಸಾಕು. ನಿನ್ನ ನಂಬರ್, ಹೆಸರು, ಕೋರ್ಸ್, ವಿಶ್ವವಿದ್ಯಾಲಯ, ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ ಇರುತ್ತದೆ ಅಂತ ಬರೆ. ಡ್ಯೂಟಿಗೆ ತೊಂದರೆ ಆಗದ ಹಾಗೆ ಓದುತ್ತೇನೆ ಅಂತ ಒಂದು ಸಾಲು ಹಾಕು. ಮೊದಲು ಎಜುಕೇಷನ್ ಹವಾಲ್ದಾರ್ ಹತ್ತಿರ ಹೋಗಿ ತೋರಿಸು, ಅವರ ಮೂಲಕವೇ ಮೇಲೆ ಹೋಗಲಿ. ಒಂದು ಕಾಪಿ ನಿನ್ನ ಹತ್ತಿರ ಇಟ್ಟುಕೋ, ಸಹಿ ಆದದ್ದರ ಇನ್ನೊಂದು ಕಾಪಿ ಮನೆಗೆ ಕಳಿಸು. ಮಾರ್ಕ್ಸ್ ಕಾರ್ಡ್ ಝೆರಾಕ್ಸ್ ಮೂರು ಸೆಟ್ ಈಗಲೇ ಮಾಡಿಸು, ಅಲ್ಲಿ ಅಂಗಡಿ ಹುಡುಕಿಕೊಂಡು ಹೋಗಲು ಆಗುವುದಿಲ್ಲ.

ನಿನ್ನ ಗಾಡಿ ಕಲಬುರಗಿಗೆ ಬರುವ ಹೊತ್ತಿಗೆ ನಾನು ಸ್ಟೇಷನ್‌ನಲ್ಲಿ ಇರುತ್ತೇನೆ. ಕೋಚ್ ನಂಬರ್ ಕಳಿಸು. ನನ್ನ ಹತ್ತಿರ ಇಂಗ್ಲಿಷ್–ಕನ್ನಡ ಡಿಕ್ಷನರಿ ಒಂದು ಇದೆ, ಪರಾಕ್ರಮ್ ಟೈಮಿನದು. ರಟ್ಟು ಹೋಗಿದೆ, ಹಾಳೆ ಎಲ್ಲ ಸರಿ ಇದೆ. ಕಟ್ಟಿ ತರುತ್ತೇನೆ. ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿಸುತ್ತೇನೆ. ಕಟಕ ರೊಟ್ಟಿ ಎಂಟು ದಿನ ತಡೆಯುತ್ತದೆ, ಯೂನಿಟ್ ಮುಟ್ಟುವ ತನಕ ಬರುತ್ತದೆ.